ಗ್ರೀಕ್ ಕಲಿತ ಅಝ್‌ಹರ್ ವಿದ್ಯಾರ್ಥಿ

"ಉಸ್ತಾದ್, ಯಾರೂ ಮಾತಾಡದ ಹಳೇ ಗ್ರೀಕ್ ಭಾಷೆ ಕಲಿತು ಏನು ಲಾಭ?" ಎಂದು ಕೇಳುವವರು ಈಜಿಪ್ಟ್‌ನ ತಾಹಾ ಹುಸೈನ್ ಅವರ ಬದುಕನ್ನು ನೋಡಬೇಕು.

1889ರಲ್ಲಿ ಹಳ್ಳಿಯಲ್ಲಿ ಹುಟ್ಟಿದ ಅವರಿಗೆ ಬಾಲ್ಯದಲ್ಲೇ ಕಣ್ಣು ಹೋಯಿತು. ಕುರ್‌ಆನ್ ಬಾಯಿಪಾಠ ಮಾಡಿ ಕೈರೋದ ಅಲ್ ಅಝ್‌ಹರ್‌ಗೆ ಸೇರಿದರು. ಆಮೇಲೆ ಪ್ಯಾರಿಸ್‌ನ ಸೊರ್ಬಾನ್ ವಿಶ್ವವಿದ್ಯಾಲಯ. ಅಲ್ಲಿ ಇಬ್ನು ಖಲ್ದೂನ್ ಬಗ್ಗೆ ಪ್ರಬಂಧ ಬರೆದರು, ಗ್ರೀಕ್, ಲ್ಯಾಟಿನ್ ಕಲಿತರು. ಪುಸ್ತಕಗಳನ್ನು ಓದಿ ಹೇಳುತ್ತಿದ್ದವರು ಮುಂದೆ ಅವರ ಪತ್ನಿಯಾದ ಸುಝಾನ್.

1919ರಲ್ಲಿ ಊರಿಗೆ ಮರಳಿ ಕೈರೋದ ವಿಶ್ವವಿದ್ಯಾಲಯದಲ್ಲಿ ಗ್ರೀಕ್ ಮತ್ತು ರೋಮನ್ ಇತಿಹಾಸ ಕಲಿಸಿದರು. ಸೊಫೋಕ್ಲಿಸ್‌ನ ನಾಟಕಗಳನ್ನು ಅರಬಿಗೆ ತಂದರು. ಅವರ ಎಲ್ಲ ಅಭಿಪ್ರಾಯಗಳನ್ನು ಉಲಮಾಗಳು ಒಪ್ಪಲಿಲ್ಲ. 1926ರ ಪುಸ್ತಕಕ್ಕಂತೂ ದೊಡ್ಡ ವಿರೋಧ ಬಂತು. ಆದರೆ ಅವರ ಕಲಿಯುವ ಹಟ ನಮಗೆ ಪಾಠ.

ಗ್ರೀಕ್ ನಮಗೆ ಹೊಸತೂ ಅಲ್ಲ. 9ನೇ ಶತಮಾನದ ಬಗ್ದಾದ್‌ನಲ್ಲಿ ಹುನೈನ್ ಇಬ್ನು ಇಸ್‌ಹಾಕ್ ಎಂಬ ಕ್ರೈಸ್ತ ವೈದ್ಯರು ಗ್ಯಾಲೆನ್‌ನ ವೈದ್ಯಗ್ರಂಥಗಳನ್ನು ಅರಬಿಗೆ ತಂದಿದ್ದರು. ಇಬ್ನು ಸೀನಾರ ವೈದ್ಯಶಾಸ್ತ್ರಕ್ಕೂ ಆ ಗ್ರಂಥಗಳು ಬುನಾದಿಯಾದವು.

ಇಂದು ಆಕ್ಸ್‌ಫರ್ಡ್‌ನಲ್ಲಿ, ಶಾಲೆಯಲ್ಲಿ ಗ್ರೀಕ್ ಓದದವರಿಗೂ ಅಕ್ಷರದಿಂದಲೇ ಕಲಿಸುವ ಕೋರ್ಸ್ ಇದೆ. ಮಗನೋ ಮಗಳೋ ಅಪರೂಪದ ವಿಷಯ ಓದುತ್ತೇನೆಂದರೆ, "ಕೆಲಸ ಸಿಗುತ್ತಾ?" ಎಂದು ಕೇಳುವುದು ತಪ್ಪಲ್ಲ. ಆದರೆ ಅದೊಂದೇ ಪ್ರಶ್ನೆ ಕೇಳಿ ಬಾಯಿ ಮುಚ್ಚಿಸಬೇಡಿ.