ರೊಟ್ಟಿ, ದ್ರಾಕ್ಷಾರಸ ಮತ್ತು ನೆನಪು: ಕ್ರೈಸ್ತರ ಪವಿತ್ರ ಭೋಜನದ ಅರ್ಥವೇನು?

ತೇನಿಯಿಂದ ದಕ್ಷಿಣಕ್ಕೆ, ಚಿನ್ನಮನೂರು ಮತ್ತು ಉತ್ತಮಪಾಳಯಗಳನ್ನು ದಾಟಿ ಕಂಬಂ, ಗೂಡಲೂರುಗಳ ಕಡೆಗೆ ಸಾಗಿದರೆ ದ್ರಾಕ್ಷಿಯ ಚಪ್ಪರಗಳು ಕಾಣಸಿಗುತ್ತವೆ. ಇಲ್ಲಿ ಬೆಳೆಯುವ ಕಪ್ಪು ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಜಿಐ ಮಾನ್ಯತೆ ದೊರೆಯಿತು. ಈ ತಳಿಯನ್ನು 1832ರಲ್ಲಿ ಫ್ರೆಂಚ್ ಪಾದ್ರಿಯೊಬ್ಬರು ತಮಿಳುನಾಡಿಗೆ ತಂದರೆಂಬ ಮಾತು ಆಗ ಪತ್ರಿಕೆಗಳಲ್ಲಿಯೂ ಬಂದಿತು. ಪಾದ್ರಿಗೂ ದ್ರಾಕ್ಷಿಗೂ ಇರುವ ನಂಟು ಕೇವಲ ತೋಟಗಾರಿಕೆಯದಲ್ಲ. ಗೋಧಿಯ ರೊಟ್ಟಿ ಮತ್ತು ದ್ರಾಕ್ಷಾರಸ ಇವೆರಡಿಲ್ಲದೆ ಕಥೋಲಿಕ ಗುರುಗಳು ಬಲಿಪೂಜೆಯನ್ನು ಅರ್ಪಿಸಲಾರರು.

ನಮ್ಮ ಓದುಗರ ಮಕ್ಕಳಲ್ಲಿ ಕೆಲವರು ಕ್ರೈಸ್ತ ಸಂಸ್ಥೆಗಳ ಶಾಲೆಗಳಲ್ಲಿ ಕಲಿಯುತ್ತಾರೆ. ಕೆಲವರು ಸ್ವತಃ ಕ್ರೈಸ್ತ ಮನೆತನದವರೇ ಆಗಿದ್ದಾರೆ. ಪೂಜೆಯ ವೇಳೆ ಸಹಪಾಠಿಗಳು ಸಾಲಾಗಿ ಹೋಗಿ ತೆಳುವಾದ ಬಿಳಿಯ ರೊಟ್ಟಿಯೊಂದನ್ನು ಸ್ವೀಕರಿಸಿ ಬರುವುದನ್ನು ಕಂಡ ಮಗು ಮನೆಗೆ ಬಂದು ಅದೇನೆಂದು ಕೇಳಿದರೆ, ಅದು ಅವರ ಪ್ರಸಾದವೆಂದು ಹೇಳಿ ಮುಗಿಸುವುದು ವಾಡಿಕೆ. ಉತ್ತರ ತಪ್ಪೇನಲ್ಲ. ಕನ್ನಡ ಕಥೋಲಿಕರು ಅದನ್ನು ಪರಮಪ್ರಸಾದವೆಂದೇ ಕರೆಯುತ್ತಾರೆ. ತಮಿಳು ಕಥೋಲಿಕರಿಗೆ ಅದು ನರ್ಕರುಣೈ. ಕನ್ನಡ ಪ್ರೊಟೆಸ್ಟಂಟರಿಗೆ ಕರ್ತನ ಭೋಜನ. ಹೆಸರು ಯಾವುದಾದರೂ ಆಚರಣೆಯ ನಡುವೆ ಒಂದು ಮಾತು ತಪ್ಪದೆ ಬರುತ್ತದೆ. ತನ್ನ ನೆನಪಿಗಾಗಿ ಇದನ್ನು ಮಾಡಬೇಕೆಂದು ಯೇಸು ಶಿಷ್ಯರಿಗೆ ಹೇಳಿದ ಮಾತು ಅದು. ಆ ನೆನಪು ಎಂಥದು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಬಂಧನಕ್ಕೊಳಗಾಗುವ ಹಿಂದಿನ ಹೊತ್ತಿನಲ್ಲಿ ಯೇಸು ಶಿಷ್ಯರೊಡನೆ ಕೊನೆಯ ಊಟಕ್ಕೆ ಕುಳಿತನು. ರೊಟ್ಟಿಯನ್ನು ಮುರಿದು, ಇದು ನಿಮಗಾಗಿ ಕೊಡಲಾಗುವ ನನ್ನ ದೇಹವೆಂದನು; ಪಾತ್ರೆಯನ್ನು ಎತ್ತಿ, ಅದು ತನ್ನ ರಕ್ತದ ಒಡಂಬಡಿಕೆ ಎಂದನು. ನೆನಪಿನ ಅಪ್ಪಣೆ ಮಾತ್ರ ನಾಲ್ಕೂ ಸುವಾರ್ತೆಗಳಲ್ಲಿ ಇಲ್ಲ. ಅದು ಲೂಕನ ಸುವಾರ್ತೆಯಲ್ಲಿದೆ, ಅದಕ್ಕೂ ಮೊದಲೇ ಬರೆಯಲ್ಪಟ್ಟ ಪೌಲನ ಪತ್ರವೊಂದರಲ್ಲಿದೆ. ಗ್ರೀಕ್ ಮೂಲದಲ್ಲಿ ಬಳಕೆಯಾಗಿರುವ ಪದ ಅನಮ್ನೇಸಿಸ್. ಅದನ್ನು ಕೇವಲ ಜ್ಞಾಪಕವೆಂದು ಓದಿದರೆ, ತೀರಿಹೋದವರ ಭಾವಚಿತ್ರಕ್ಕೆ ಹಾರ ಹಾಕಿದಂತಹ ಸಂಗತಿಯೆಂದು ತೋರಬಹುದು. ಆದರೆ ಸುವಾರ್ತೆಗಳಲ್ಲಿ ಮೂರು ಆ ಊಟವನ್ನು ಯೆಹೂದ್ಯರ ಪಸ್ಕ ಹಬ್ಬದ ಊಟವೆಂದೇ ಹೇಳುತ್ತವೆ. ಆದ್ದರಿಂದ ಪಸ್ಕದಲ್ಲಿ ನೆನಪು ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಐಗುಪ್ತದ ದಾಸತ್ವದಿಂದ ಪೂರ್ವಜರು ಬಿಡುಗಡೆ ಹೊಂದಿದುದನ್ನು ಯೆಹೂದ್ಯರು ಪಸ್ಕದಂದು ನೆನೆಯುತ್ತಾರೆ. ಹುಳಿಯಿಲ್ಲದ ರೊಟ್ಟಿ, ಕಹಿ ಸೊಪ್ಪುಗಳನ್ನು ತಿನ್ನುತ್ತಾರೆ. ಮನೆಯ ಕಿರಿಯ ಮಗು ಪ್ರಶ್ನೆ ಕೇಳುತ್ತದೆ, ಹಿರಿಯರು ಕಥೆ ಹೇಳುತ್ತಾರೆ. ಪ್ರತಿ ತಲೆಮಾರಿನವನೂ ತಾನೇ ಐಗುಪ್ತದಿಂದ ಹೊರಟು ಬಂದವನೆಂದು ತನ್ನನ್ನು ಭಾವಿಸಿಕೊಳ್ಳಬೇಕೆಂಬ ವಿಧಿ ಅವರ ಪುರಾತನ ಮಿಶ್ನಾ ಗ್ರಂಥದಲ್ಲಿದೆ. ಕಥೆ ಹೇಳುವವನು ‘ಅವರು ಬಂದರು’ ಎನ್ನುವುದಿಲ್ಲ, ‘ನಾವು ಬಂದೆವು’ ಎನ್ನುತ್ತಾನೆ.

ಇದು ನಮಗೆ ಅಪರಿಚಿತವಾದ ವ್ಯಾಕರಣವಲ್ಲ. ಕಂಬಂ ಕಣಿವೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ಒಕ್ಕಲಿಗ ಕಾಪ್ಪಿಲಿಯರ ಪೂರ್ವಜರು ಕನ್ನಡ ನಾಡಿನಿಂದ ವಲಸೆ ಬಂದು ಅಲ್ಲಿ ನೆಲೆಸಿ ಶತಮಾನಗಳೇ ಕಳೆದಿವೆ. ಇಂತಹ ವಲಸೆಯ ಕಥೆಯನ್ನು ಹೇಳುವಾಗ, ಹುಟ್ಟಿನಿಂದ ಆ ಕಣಿವೆಯನ್ನು ಬಿಟ್ಟು ಕದಲದ ಅಜ್ಜಿಯೂ ‘ನಾವು ಆ ಕಡೆಯಿಂದ ಬಂದವರು’ ಎಂದೇ ಹೇಳುತ್ತಾಳೆ. ಕಂಬಂನಲ್ಲಿ ಈ ಸಮುದಾಯದವರು ದೇವರ ಹೆಸರಿನಲ್ಲಿ ಸಾಕುವ ದನಗಳ ದೊಡ್ಡ ದೊಡ್ಡಿಯೊಂದಿದೆ. ಅದರ ಹಿಂಡಿಗೆ ಪಟ್ಟದ ಹೋರಿಯೊಂದು ಇರುತ್ತದೆ. ಒಂದು ಹೋರಿ ಸತ್ತರೆ ಅದನ್ನು ಮರ್ಯಾದೆಯಿಂದ ಹೂಳಿ, ಹಿಂಡಿನ ಮುಂದೆ ಕಬ್ಬು ಹಿಡಿದು, ಅದನ್ನು ಬಂದು ತಿನ್ನುವ ಹೋರಿಗೆ ಪಟ್ಟ ಕಟ್ಟುವ ಪದ್ಧತಿಯನ್ನು ಬ್ರಿಟಿಷರ ಕಾಲದ ಜನಾಂಗ ವಿವರಣೆಗಳು ದಾಖಲಿಸಿವೆ. ದನಗಳೊಡನೆ ಬದುಕಿದ ಪೂರ್ವಜರ ನೆನಪು ಅಲ್ಲಿ ಕಲ್ಲಿನ ಮೇಲೆ ಕೆತ್ತಿದ ಬರಹವಾಗಿಲ್ಲ. ಮೇವು ಹಾಕಿ, ನೀರು ಕುಡಿಸಿ ನಡೆಸಿಕೊಂಡು ಬಂದ ಕೆಲಸವಾಗಿದೆ. ಅನಮ್ನೇಸಿಸ್ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಹೋಲಿಕೆ ನಮಗೆ ಹೊಳೆಯಲಿಲ್ಲ.

ನಮ್ಮ ಭಾಷೆಯಲ್ಲಿಯೇ ಒಂದು ಸೊಗಸಿದೆ. ಅಕ್ಕಿಯೂ ನೆನೆಯುತ್ತದೆ, ಮನಸ್ಸೂ ನೆನೆಯುತ್ತದೆ. ತಮಿಳಿನಲ್ಲಿ ಒದ್ದೆಯಾಗುವುದು ನನೈ, ಸ್ಮರಿಸುವುದು ನಿನೈ. ಎರಡು ಬೇರೆ ಧಾತುಗಳು ಕನ್ನಡದಲ್ಲಿ ಒಂದೇ ರೂಪಕ್ಕೆ ಬಂದು ನಿಂತಿವೆ. ಇದು ಧ್ವನಿಯ ಆಕಸ್ಮಿಕವೇ ಹೊರತು ದೇವತಾಶಾಸ್ತ್ರವಲ್ಲ. ಆದರೂ ಮಗುವಿಗೆ ವಿವರಿಸುವಾಗ ಉಪಯೋಗಕ್ಕೆ ಬರುತ್ತದೆ: ಕ್ರೈಸ್ತರು ಹೇಳುವ ಸ್ಮರಣೆ, ನೀರಿನಲ್ಲಿ ನೆನೆದ ಅಕ್ಕಿಯಂತೆ, ನೆನೆದವನನ್ನು ಇದ್ದಂತೆಯೇ ಬಿಡಬಾರದೆಂಬ ನಿರೀಕ್ಷೆಯುಳ್ಳದ್ದು.

ಹಿರಿಯರ ಹಬ್ಬದ ಎಡೆಯೊಡನೆ ಇದನ್ನು ಹೋಲಿಸಿ ನೋಡುವುದು ಸಹಜ. ತೀರಿಕೊಂಡ ಅಜ್ಜನಿಗೆ ಪ್ರಿಯವಾದ ತಿನಿಸನ್ನು ಮಾಡಿ ಎಲೆಯ ಮೇಲೆ ಬಡಿಸಿ, ಆತನ ಹೆಸರು ಹೇಳಿ ಕೈಮುಗಿದು, ಅನಂತರ ಮನೆಮಂದಿ ಕುಳಿತು ಉಣ್ಣುತ್ತೇವೆ. ಎರಡರಲ್ಲಿಯೂ ನೆನಪಿಗೆ ಊಟವೇ ಆಧಾರ. ಆದರೆ ಎಡೆಯಲ್ಲಿ ಬದುಕಿರುವವರು ಅಗಲಿದವರಿಗೆ ಉಣಬಡಿಸುತ್ತಾರೆ. ಪವಿತ್ರ ಭೋಜನದಲ್ಲಿ ಕ್ರೈಸ್ತರ ನಂಬಿಕೆಯಂತೆ ಬಡಿಸುವವನು ಯೇಸುವೇ; ನೆನೆಯುವವರು ಅತಿಥಿಗಳು. ಸತ್ತವನು ಮೂರನೆಯ ದಿನ ಎದ್ದನೆಂದು ಅವರು ನಂಬುವುದರಿಂದ, ಅಲ್ಲಿ ನಡೆಯುವುದು ಅಗಲಿದವನ ಸ್ಮರಣೆಯಲ್ಲ, ಜೀವಿಸಿರುವವನ ಸ್ಮರಣೆ.

ಹಾಗಾದರೆ ಆತನು ಆ ರೊಟ್ಟಿಯಲ್ಲಿ ಇರುವನೋ, ನೆನಪಿನಲ್ಲಿ ಮಾತ್ರ ಇರುವನೋ? ಈ ಪ್ರಶ್ನೆಯ ಮೇಲೆ ಯೂರೋಪಿನ ಸಭೆಗಳು ಒಡೆದವು. ಜ್ಯೂರಿಕ್ಕಿನ ಸುಧಾರಕ ಜ್ವಿಂಗ್ಲಿಯ ದೃಷ್ಟಿಯಲ್ಲಿ ರೊಟ್ಟಿ ಒಂದು ಗುರುತು, ಭೋಜನ ಒಂದು ಸ್ಮರಣೆ. 1529ರಲ್ಲಿ ಜರ್ಮನಿಯ ಮಾರ್ಬುರ್ಗಿನಲ್ಲಿ ಅವನೊಡನೆ ಚರ್ಚೆಗೆ ಕುಳಿತ ಮಾರ್ಟಿನ್ ಲೂಥರನು, ಇದು ನನ್ನ ದೇಹವೆಂಬ ಯೇಸುವಿನ ಮಾತನ್ನು ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದುಕೊಂಡು, ಅದರಿಂದ ಕದಲಲಿಲ್ಲ. ಹದಿನೈದು ಅಂಶಗಳಲ್ಲಿ ಹದಿನಾಲ್ಕಕ್ಕೆ ಒಪ್ಪಿದ ಇಬ್ಬರೂ ಈ ಒಂದರಲ್ಲಿ ಬೇರೆಯಾದರು. ಇತ್ತ ಕಥೋಲಿಕರ ತ್ರೆಂತ್ ಮಹಾಸಭೆಯು 1551ರಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸಗಳ ತಿರುಳೇ ಕ್ರಿಸ್ತನ ದೇಹವೂ ರಕ್ತವೂ ಆಗಿ ಮಾರ್ಪಡುವುದೆಂದು ಸಾರಿತು. ಬಲಿಪೂಜೆ ಬರಿಯ ಸ್ಮರಣೆಯೆಂಬ ಮತವನ್ನು 1562ರಲ್ಲಿ ಸ್ಪಷ್ಟವಾಗಿ ತಳ್ಳಿಹಾಕಿತು.

ಈ ಜಗಳದ ಎರಡು ದಡಗಳೂ ನಾವು ಹೇಳುತ್ತಿರುವ ಸೀಮೆಯಲ್ಲಿ ನೆಲೆಯೂರಿವೆ. ದಿಂಡಿಗಲ್ 2003ರಿಂದ ಪ್ರತ್ಯೇಕ ಕಥೋಲಿಕ ಧರ್ಮಕ್ಷೇತ್ರವಾಗಿದೆ. ಅಲ್ಲಿಯ ಸಂತ ಜೋಸೆಫರ ದೇವಾಲಯ ಹತ್ತೊಂಬತ್ತನೆಯ ಶತಮಾನದ್ದು. ಇನ್ನೊಂದೆಡೆ, 1834ರಲ್ಲಿ ಮಧುರೆಯಲ್ಲಿ ಆರಂಭವಾಗಿ ದಿಂಡಿಗಲ್ಲಿಗೂ ಹಬ್ಬಿದ ಅಮೆರಿಕನ್ ಮಧುರಾ ಮಿಷನ್ ಸ್ಮರಣೆಗೆ ಒತ್ತು ಕೊಡುವ ಸುಧಾರಿತ ಪರಂಪರೆಯದು. ಅದು ಬೆಳೆಸಿದ ಸಭೆಗಳು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಉದಯಿಸಿದ ದಕ್ಷಿಣ ಭಾರತ ಸಭೆಯಲ್ಲಿ, ಎಂದರೆ ಸಿಎಸ್‌ಐಯಲ್ಲಿ, ಆಂಗ್ಲಿಕನ್ ಮತ್ತು ಮೆಥೊಡಿಸ್ಟರೊಡನೆ ಒಂದಾದವು. ಭಿನ್ನ ಮತಗಳವರು ಒಂದೇ ಮೇಜಿಗೆ ಬರಬೇಕಾದಾಗ ಒಂದು ಕ್ರಮವನ್ನು ರಚಿಸದೆ ವಿಧಿಯಿರಲಿಲ್ಲ. 1950ರಲ್ಲಿ ಹೊರಬಂದ ಅವರ ಪವಿತ್ರ ಭೋಜನದ ಆರಾಧನಾಕ್ರಮವು ಹೊರದೇಶಗಳ ಸಭೆಗಳ ಗಮನವನ್ನೂ ಸೆಳೆಯಿತು. 1982ರಲ್ಲಿ ಲಿಮಾ ನಗರದಲ್ಲಿ ಒಪ್ಪಿಗೆಯಾದ, ಅನೇಕ ಸಭೆಗಳು ಕೂಡಿ ರೂಪಿಸಿದ ದಾಖಲೆಯೊಂದು ಅನಮ್ನೇಸಿಸ್ ಎಂಬ ಪದವನ್ನೇ ಹಿಡಿದು, ಈ ಸ್ಮರಣೆ ಗತಿಸಿದ್ದನ್ನು ಸುಮ್ಮನೆ ಮನಸ್ಸಿಗೆ ತಂದುಕೊಳ್ಳುವುದಷ್ಟೇ ಅಲ್ಲವೆಂದು ಹೇಳಿತು. ಭಿನ್ನಾಭಿಪ್ರಾಯ ಉಳಿದಿದೆ, ಕಹಿ ಕಡಿಮೆಯಾಗಿದೆ.

ಆದರೆ ನಮ್ಮ ಅಭಿಪ್ರಾಯದಲ್ಲಿ ಈ ನೆನಪಿನ ನಿಜವಾದ ಪರೀಕ್ಷೆ ರೊಟ್ಟಿಯ ಒಳಗೆ ನಡೆಯಲಿಲ್ಲ, ಪಂಕ್ತಿಯಲ್ಲಿ ನಡೆಯಿತು. ಕೊನೆಯ ಊಟದ ಬಗ್ಗೆ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಬರಹ, ಕ್ರಿ.ಶ. 55ರ ಸುಮಾರಿಗೆ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರ, ಒಂದು ಗದರಿಕೆಯ ನಡುವೆ ಬರುತ್ತದೆ. ಕೊರಿಂಥ ಬಂದರಿನ ವ್ಯಾಪಾರದಿಂದ ಬೆಳೆದ ಪಟ್ಟಣ. ಅಲ್ಲಿಯ ಸಭೆಯಲ್ಲಿ ಉಳ್ಳವರು ಮೊದಲೇ ಬಂದು ತಮ್ಮ ಊಟವನ್ನು ತಾವು ಉಂಡು ಕುಡಿದು ಮತ್ತರಾಗುತ್ತಿದ್ದರು. ಇಲ್ಲದವರು ಹಸಿದೇ ಉಳಿಯುತ್ತಿದ್ದರು. ನೀವು ಕೂಡಿ ಉಣ್ಣುವುದು ಕರ್ತನ ಭೋಜನವೇ ಅಲ್ಲ, ಇಲ್ಲದವರನ್ನು ನಾಚಿಕೆಪಡಿಸುತ್ತೀರಿ ಎಂಬುದು ಪೌಲನ ಆಕ್ಷೇಪಣೆ. ಅದಾದ ಮೇಲೆಯೇ ಅವನು ಆ ರಾತ್ರಿಯ ಕಥೆಯನ್ನೂ ನೆನಪಿನ ಅಪ್ಪಣೆಯನ್ನೂ ಜ್ಞಾಪಿಸುತ್ತಾನೆ. ಪದಗಳೆಲ್ಲ ಸರಿಯಾಗಿ ಉಚ್ಚರಿಸಲ್ಪಟ್ಟು, ರೊಟ್ಟಿ ವಿಧಿಯಂತೆ ಮುರಿಯಲ್ಪಟ್ಟರೂ, ಪಕ್ಕದವನು ಹಸಿದಿದ್ದರೆ ಅಲ್ಲಿ ಸ್ಮರಣೆಯೇ ನಡೆದಿಲ್ಲವೆಂಬುದು ಅವನ ವಾದದ ತಿರುಳು.

ತಮಿಳುನಾಡಿನಲ್ಲಿ ಈ ಪತ್ರ ಪುರಾತನವಾಗಿ ಉಳಿಯಲಿಲ್ಲ. ಒಂದೇ ಪಾತ್ರೆಯಿಂದ ಕುಡಿಯಬೇಕಾದ ಭೋಜನಕ್ಕೆ ಜಾತಿ ಎದುರಾಯಿತು. ಮೇಲು ಜಾತಿಯಿಂದ ಬಂದವರು ಮೊದಲು ಸ್ವೀಕರಿಸಿ, ದಲಿತರು ಕೊನೆಗೆ ಸ್ವೀಕರಿಸುವ ರೂಢಿ ಹಲವು ಸಭೆಗಳಲ್ಲಿತ್ತು. ಕಲ್ಕತ್ತೆಯ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ದಕ್ಷಿಣದ ಸಭೆಗಳಿಗೆ ಪತ್ರ ಬರೆದು ಜಾತಿಭೇದವನ್ನು ಕೂಡಲೇ ಬಿಡಬೇಕೆಂದರು. ಅನೇಕರು ಒಪ್ಪದೆ ಸಭೆಯಿಂದ ಹೊರಗುಳಿದರು. ಮಧುರಾ ಮಿಷನ್ 1847ರಲ್ಲಿ ಜಾತಿಯನ್ನು ತ್ಯಜಿಸದವರಿಗೆ ಸಭೆಯಲ್ಲಿ ಸ್ಥಾನವಿಲ್ಲವೆಂಬ ನಿಲುವು ತಳೆಯಿತು. ಕೂಡಿ ಉಣ್ಣಲು ಒಪ್ಪುವುದೇ ಅದಕ್ಕೆ ಒರೆಗಲ್ಲಾಯಿತು. ಇನ್ನೂ ದಕ್ಷಿಣದ ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂನಲ್ಲಿ 1872ರಲ್ಲಿ ಕಟ್ಟಿದ ಕಥೋಲಿಕ ದೇವಾಲಯಕ್ಕೆ ಎರಡು ಅಂಗಗಳು. ಒಂದೊಂದು ಜಾತಿಗುಂಪಿಗೆ ಒಂದೊಂದು, ನಡುವೆ ಗೋಡೆ, ಎರಡೂ ಕಡೆಗೆ ಕಾಣುವಂತೆ ಒಂದೇ ಪೀಠ. ಒಂದೇ ರೊಟ್ಟಿಯ ಮುಂದೆ ಎರಡು ಕೋಣೆಗಳಲ್ಲಿ ಮೊಣಕಾಲೂರಿದ ಜನ! ಆ ಗೋಡೆಯನ್ನು 1910ರಲ್ಲಿ ಕೆಡವಲಾಯಿತು. ಕೆಲವು ಊರುಗಳಲ್ಲಿ ಸ್ಮಶಾನದ ಗೋಡೆಗಳು ಅದಕ್ಕಿಂತ ಬಹುಕಾಲ ಬಾಳಿವೆ. ಇದನ್ನು ಇನ್ನೊಂದು ಧರ್ಮದವರ ದೋಷವೆಂದು ಎತ್ತಿ ತೋರಿಸುವ ಹಕ್ಕು ನಮಗಿಲ್ಲ. ನಮ್ಮೂರ ಪಂಕ್ತಿಗಳ ಚರಿತ್ರೆಯನ್ನು ನಮ್ಮ ಹಿರಿಯರು ಬಲ್ಲರು.

ಕೊನೆಗೆ, ಮಕ್ಕಳನ್ನು ಇಂತಹ ಆರಾಧನೆಗೆ ಕಳುಹಿಸುವ ಮನೆಗಳಿಗೆ ಎರಡು ವ್ಯಾವಹಾರಿಕ ಮಾತು. ಕಥೋಲಿಕ ದೇವಾಲಯದಲ್ಲಿ ದೀಕ್ಷಾಸ್ನಾನ ಪಡೆದು, ಸಿದ್ಧತೆ ಮಾಡಿಕೊಂಡ ಕಥೋಲಿಕರು ಮಾತ್ರ ಪರಮಪ್ರಸಾದವನ್ನು ಸ್ವೀಕರಿಸುತ್ತಾರೆ. ಆದ್ದರಿಂದ ಉಳಿದ ಮಕ್ಕಳು ಆ ಹೊತ್ತಿನಲ್ಲಿ ತಮ್ಮ ಸ್ಥಳದಲ್ಲಿಯೇ ಕುಳಿತಿರುವುದು ಉಚಿತ, ಅದು ಅವಮಾನವಲ್ಲ. ಸಿಎಸ್‌ಐ ಸಭೆಗಳಲ್ಲಿಯೂ ಅದು ದೀಕ್ಷಾಸ್ನಾನವಾದವರ ಭೋಜನವೇ. ಅಲ್ಲಿ ಅನೇಕ ಕಡೆ ಹುಳಿಯದ ದ್ರಾಕ್ಷಿಯ ರಸವನ್ನೇ ಬಳಸುತ್ತಾರೆ.

ಈಸ್ಟರಿನ ಹಿಂದಿನ ಗುರುವಾರ ಸಂಜೆ ಕೊನೆಯ ಊಟದ ನೆನಪಿನ ವಿಶೇಷ ಪೂಜೆಯಿರುತ್ತದೆ. ಗುರುಗಳು ಸಭಿಕರಲ್ಲಿ ಕೆಲವರ ಪಾದಗಳನ್ನು ತೊಳೆಯುತ್ತಾರೆ. ಮರುದಿನ ಶುಭ ಶುಕ್ರವಾರ, ಯೇಸು ಮರಣ ಹೊಂದಿದ ದಿನ. ಆ ಒಂದು ದಿನ ಕಥೋಲಿಕ ಸಭೆಯಲ್ಲಿ ಎಲ್ಲಿಯೂ ಬಲಿಪೂಜೆ ನಡೆಯುವುದಿಲ್ಲ. ಪೀಠದ ಮೇಲಿನ ವಸ್ತ್ರವನ್ನೂ ತೆಗೆದಿರುತ್ತಾರೆ. ಹಿಂದಿನ ಸಂಜೆ ಮುರಿದು ಉಳಿಸಿಟ್ಟ ರೊಟ್ಟಿಯನ್ನೇ ಹಂಚಿ, ಮಂದಿ ಮಾತಿಲ್ಲದೆ ಮನೆಗೆ ಮರಳುತ್ತಾರೆ.