ಸರ್ವರ್ ಹೊಸದಾಗುವಾಗ ಲೋಕ ಉಳಿಯಬೇಕಾದರೆ

ತುಮಕೂರಿನಿಂದ ಶಿವಮೊಗ್ಗದ ಕಡೆಗೆ ಸಾಗುವ ಹೆದ್ದಾರಿಯೂ ಚಿಕ್ಕನಾಯಕನಹಳ್ಳಿಯಿಂದ ತುರುವೇಕೆರೆಗೆ ಹೋಗುವ ದಾರಿಯೂ ಕೂಡುವ ಕಿಬ್ಬನಹಳ್ಳಿ ಕ್ರಾಸಿನ ಸುತ್ತಣ ತೋಟದ ಮನೆಗಳಲ್ಲಿ, ಅಟ್ಟದ ಮೇಲೆ ಕಾಯಿ ತಿಂಗಳುಗಟ್ಟಲೆ ಬಿದ್ದಿದ್ದು ಉಂಡೆ ಕೊಬ್ಬರಿಯಾಗುತ್ತಿರುವಾಗ, ಕೆಳಗಿನ ಕೋಣೆಯಲ್ಲಿ ಮಕ್ಕಳು ಬೆಂಗಳೂರಿನಲ್ಲಿ ಓದುವ ಅಣ್ಣಂದಿರೊಡನೆಯೂ ಪರದೇಶದಲ್ಲಿರುವ ಚಿಕ್ಕಪ್ಪನ ಮಕ್ಕಳೊಡನೆಯೂ ಕೂಡಿ ಒಂದೇ ಲೋಕವನ್ನು ಕಟ್ಟುತ್ತಿರುವುದು ಈಗ ಅಪೂರ್ವವಾದ ಸಂಗತಿಯೇನಲ್ಲ. ಸ್ವೀಡನ್ನಿನಲ್ಲಿ 2009ರಲ್ಲಿ ಹುಟ್ಟಿ 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ವಶವಾದ ಮೈನ್‌ಕ್ರಾಫ್ಟ್ ಎಂಬ ಆ ಆಟದಲ್ಲಿ ಗೆಲ್ಲುವುದಕ್ಕಿಂತ ಘನಗಳನ್ನು ಜೋಡಿಸಿ ಕಟ್ಟುವುದೇ ಪ್ರಧಾನ. ನನ್ನ ಬಂಧುಗಳ ಮನೆಯ ಮಕ್ಕಳು, ಆಟದ ವೃಕ್ಷಜಾತಿಗಳಲ್ಲಿ ತೆಂಗು ಇಲ್ಲದಿರುವುದನ್ನು ಕಂಡು, ಕಾಡುಮರದ ದಿಮ್ಮಿಗಳನ್ನೇ ಒಂದರ ಮೇಲೊಂದು ನಿಲ್ಲಿಸಿ, ತುದಿಗೆ ಎಲೆಗಳನ್ನು ಚಾಚಿ, ಸಾಲುಸಾಲಾಗಿ ತೋಟವನ್ನೆಬ್ಬಿಸಿ, ಅದರ ನಡುವೆ ಅಟ್ಟವುಳ್ಳ ಮನೆಯೊಂದನ್ನೂ ಕಟ್ಟಿದ್ದಾರೆ.

ಹೀಗೆ ಹಲವರು ಏಕಕಾಲದಲ್ಲಿ ಆಡುವ ಆಟಕ್ಕೆ ಎಲ್ಲರನ್ನೂ ಒಂದೆಡೆ ಕೂಡಿಸುವ ಕಂಪ್ಯೂಟರೊಂದು ಬೇಕು, ಅದೇ ಸರ್ವರ್. ಅದರೊಳಗೆ ಎರಡು ಭಿನ್ನ ವಸ್ತುಗಳಿವೆ ಎಂಬುದನ್ನು ವಾಚಕರು ಮೊದಲು ಗ್ರಹಿಸಬೇಕು. ಒಂದು, ಆಟವನ್ನು ನಡೆಸುವ ತಂತ್ರಾಂಶ. ಇನ್ನೊಂದು, ಆಡುವವರು ಕಟ್ಟಿದ ಲೋಕ. ಈ ಲೋಕ ಹದಿನಾರು ಅಡ್ಡ, ಹದಿನಾರು ಉದ್ದ ಘನಗಳ ತುಂಡುಗಳಾಗಿ ಕಡತಗಳಲ್ಲಿ ಲಿಖಿತವಾಗಿರುತ್ತದೆ. ತಂತ್ರಾಂಶ ಹಾಳಾದರೆ ಮತ್ತೆ ಇಳಿಸಿಕೊಳ್ಳಬಹುದು. ವರ್ಷಗಟ್ಟಲೆ ಕೂಡಿ ಕಟ್ಟಿದ ಲೋಕ ನಷ್ಟವಾದರೆ ಅದನ್ನು ಮರಳಿ ಕೊಡಬಲ್ಲ ಸಂಸ್ಥೆ ಜಗತ್ತಿನಲ್ಲಿಲ್ಲ. ಆದುದರಿಂದ ಸರ್ವರಿನ ನವೀಕರಣವೆಂಬುದು ಹೊಸದನ್ನು ತರುವ ಕಾರ್ಯಕ್ಕಿಂತ ಹೆಚ್ಚಾಗಿ ಹಳೆಯದನ್ನು ಕಾಯುವ ಕಾರ್ಯವೆಂದೇ ನಾನು ಭಾವಿಸುತ್ತೇನೆ.

ಹಾಗಾದರೆ ಹಳೆಯ ಆವೃತ್ತಿಯಲ್ಲಿಯೇ ಇದ್ದುಬಿಡಬಾರದೇಕೆ? ಉತ್ತರ 2021ರ ಡಿಸೆಂಬರಿನಲ್ಲಿ ದೊರೆಯಿತು. ಸರ್ವರಿನಲ್ಲಿ ನಡೆದುದನ್ನೆಲ್ಲ ಬರೆದಿಡುವ ಲಾಗ್‌ಫೋರ್‌ಜೆ ಎಂಬ ಪರಿಕರದಲ್ಲಿ ಘೋರವಾದ ದೋಷವೊಂದು ಬಯಲಾಗಿ, ಆಟದ ನಡುವಿನ ಹರಟೆಯಲ್ಲಿ ದುರುದ್ದೇಶದ ಒಂದು ಸಾಲನ್ನು ಬರೆದವನು ಸರ್ವರನ್ನೇ ವಶಪಡಿಸಿಕೊಳ್ಳಬಹುದಾದ ಸ್ಥಿತಿ ಉಂಟಾಯಿತು. ಅದೇ ಪರಿಕರವನ್ನು ಜಗತ್ತಿನ ಅಸಂಖ್ಯ ಸಂಸ್ಥೆಗಳೂ ಬಳಸುತ್ತಿದ್ದುದರಿಂದ ಮಕ್ಕಳ ಆಟದಲ್ಲಿ ಕಂಡ ಬಿರುಕು ಸರ್ವತ್ರ ಗಾಬರಿಗೆ ಕಾರಣವಾಯಿತು. ನವೆಂಬರ್ 30ರಂದು ಆಟದ 1.18ನೆಯ ಆವೃತ್ತಿ ಹೊರಬಂದಿದ್ದರೂ, ಹತ್ತೇ ದಿನಗಳಲ್ಲಿ, ಡಿಸೆಂಬರ್ 10ರಂದು, ದೋಷವನ್ನು ನೀಗಿದ 1.18.1 ಪ್ರಕಟವಾಯಿತು.

ಆ 1.18 ಲೋಕದ ಆಕಾರವನ್ನೇ ಬದಲಿಸಿತು. ಅದುವರೆಗೆ 256 ಘನಗಳಷ್ಟಿದ್ದ ಎತ್ತರ, ಮೇಲೆ 64, ಕೆಳಗೆ 64 ಸೇರಿ 384 ಆಯಿತು. ಯಾರಿಂದಲೂ ಒಡೆಯಲಾಗದೆ ಲೋಕದ ತಳವಾಗಿದ್ದ ಶಿಲೆ ಕರಗಿ, ಅದರಡಿಯಲ್ಲಿ ಹೊಸ ನೆಲ ಸೃಷ್ಟಿಯಾಯಿತು. ಹಳೆಯ ತಳದವರೆಗೆ ಬಾವಿ ತೋಡಿದ್ದ ಹುಡುಗನೊಬ್ಬ ಸರ್ವರನ್ನು ನೋಡಿಕೊಳ್ಳುವ ಬೆಂಗಳೂರಿನ ಅಣ್ಣನಿಗೆ ಫೋನು ಮಾಡಿ, “ಅಣ್ಣ, ನಮ್ಮ ಬಾವಿ ಕೆಳಗೆ ಇನ್ನೊಂದು ಗವಿನೇ ಬಂದೈತೆ, ತ್ವಾಟ ಮಾತ್ರ ಹಂಗೇ ಐತೆ!” ಎಂದು ಕೂಗಿದ ಧ್ವನಿಯಲ್ಲಿ ವಿಸ್ಮಯದಷ್ಟೇ ನಿರಾಳವೂ ಇತ್ತು.

ಆ ನಿರಾಳ ತಾನಾಗಿ ಬಂದುದಲ್ಲ. ಮುಪ್ಪಾದ ತೋಟವನ್ನು ಹೊಸದು ಮಾಡುವ ರೈತ ಹಳೆಯ ಮರಗಳನ್ನು ಮೊದಲೇ ಕಡಿಯದೆ, ಅವುಗಳ ನಡುವೆ ಸಸಿ ನೆಟ್ಟು, ಸಸಿ ಫಲಕ್ಕೆ ಬಂದ ಮೇಲಷ್ಟೇ ಕೊಡಲಿ ಎತ್ತುವಂತೆ, ಅಣ್ಣನು ಮೊದಲು ಲೋಕದ ಒಂದು ಪ್ರತಿಯನ್ನು ತೆಗೆದು, ಬೇರೊಂದು ಕಂಪ್ಯೂಟರಿನಲ್ಲಿ ಹೊಸ ತಂತ್ರಾಂಶದಡಿ ಅದನ್ನು ಪ್ರಯೋಗಾರ್ಥವಾಗಿ ತೆರೆದು ನೋಡಿದ್ದನು. ಪ್ರತಿ ತೆಗೆಯುವ ಮೊದಲು ಸರ್ವರನ್ನು ನಿಲ್ಲಿಸತಕ್ಕದ್ದು. ಓಡುತ್ತಿರುವಾಗ ಲೋಕದ ಕೆಲವು ಭಾಗ ಇನ್ನೂ ಡಿಸ್ಕಿಗೆ ಇಳಿಯದೆ ಮೆಮೊರಿಯಲ್ಲಿಯೇ ಇರುವುದರಿಂದ ಅಂತಹ ಪ್ರತಿ ವಿಶ್ವಾಸಾರ್ಹವಲ್ಲ. ಆಟಕ್ಕೆ ಆಧಾರವಾದ ಜಾವಾ ತಂತ್ರಾಂಶವೂ ಹೊಸದಿರಬೇಕು: 1.18ಕ್ಕೆ ಜಾವಾ 17, 1.20.5ಕ್ಕೆ ಜಾವಾ 21. ಸರ್ವರಿಗೆ ಹೆಚ್ಚಿನ ಸೌಲಭ್ಯ ಸೇರಿಸಲು ಹೊರಗಿನವರು ಬರೆದ ಪ್ಲಗಿನ್‌ಗಳಂತೂ ಹೊಸ ಆವೃತ್ತಿಗೆ ಹೊಂದಿಕೊಳ್ಳಲು ಕೆಲವು ವಾರಗಳನ್ನೇ ಬೇಡುವುದುಂಟು. ಬಿಡುಗಡೆಯಾದ ದಿನವೇ ಆತುರಪಡುವುದನ್ನು, ಭದ್ರತೆಯ ಪ್ರಶ್ನೆಯಿಲ್ಲದಿದ್ದರೆ, ನಾನು ಒಪ್ಪಲಾರೆ. ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಎಚ್ಚರಿಕೆಯೂ ಅವಶ್ಯ: ಕಡತಗಳು ಪರಿವರ್ತನೆಯಾಗುತ್ತಿರುವಾಗ ಕರೆಂಟು ಹೋದರೆ ಅರ್ಧ ಬರೆದ ಕಡತ ಕೆಡುವ ಭಯವಿರುವುದರಿಂದ, ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ಸರ್ವರ್ ಬದಲಾದೊಡನೆ ಆಡುವವರೆಲ್ಲರೂ ಬದಲಾಗಬೇಕಾಗುತ್ತದೆ. ಆವೃತ್ತಿ ಬೇರೆಯಾದರೆ ಒಳಗೆ ಪ್ರವೇಶವಿಲ್ಲ. ಹಳೆಯ ಕಂಪ್ಯೂಟರುಳ್ಳ ತಮ್ಮನೋ ತಂಗಿಯೋ ಹೊರಗುಳಿಯುವುದು ಇಲ್ಲಿಯೇ. ಹಳೆಯ ಆವೃತ್ತಿಯವರನ್ನೂ ಬರಗೊಡುವ ವಯಾಬ್ಯಾಕ್‌ವರ್ಡ್ಸ್‌ನಂತಹ ಪ್ಲಗಿನ್ ಉಂಟು. ಹೊಸ ಘನಗಳು ಅವರಿಗೆ ಹಳೆಯ ಘನಗಳ ವೇಷದಲ್ಲಿ ಕಂಡರೂ, ಕೂಡಿ ಆಡುವುದಕ್ಕೆ ಭಂಗವಿಲ್ಲ. ಅದನ್ನು ಅಳವಡಿಸುವ ಶ್ರಮವನ್ನು ಸರ್ವರಿನ ಯಜಮಾನ ವಹಿಸಲೇಬೇಕು.

ಪರಿವರ್ತನೆ ಒಂದೇ ಗಳಿಗೆಯಲ್ಲಿ ಮುಗಿಯುವುದೂ ಇಲ್ಲ. ಯಾರಾದರೂ ಕಾಲಿಟ್ಟ ತುಂಡು ಮಾತ್ರ ಹೊಸ ರೂಪಕ್ಕೆ ತಿರುಗುತ್ತದೆ. ಯಾರೂ ಹೋಗದ ಮೂಲೆ ಹಳೆಯ ಲಿಪಿಯಲ್ಲಿಯೇ ಇದ್ದು, ಅಲ್ಲಿನ ದೋಷ ತಿಂಗಳುಗಳ ತರುವಾಯ ಪ್ರಕಟವಾಗಬಹುದು. ಇಡೀ ಲೋಕವನ್ನು ಒಮ್ಮೆಗೇ ಪರಿವರ್ತಿಸುವ ಆಜ್ಞೆಯೊಂದು ತಂತ್ರಾಂಶದಲ್ಲಿಯೇ ಇದೆ. ದೊಡ್ಡ ಲೋಕವಾದರೆ ಅದಕ್ಕೆ ಗಂಟೆಗಳೇ ಹಿಡಿಯಬಹುದು. ಹೊಸ ರೂಪಕ್ಕೆ ತಿರುಗಿದ ಲೋಕವನ್ನು ಹಳೆಯ ತಂತ್ರಾಂಶ ಸರಿಯಾಗಿ ಓದಲಾರದಾದುದರಿಂದ, ನವೀಕರಣದ ಮುನ್ನ ತೆಗೆದ ಪ್ರತಿಯನ್ನು, ಎಲ್ಲ ಮೂಲೆಗಳನ್ನೂ ನಡೆದು ನೋಡುವವರೆಗೆ, ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಊರಿನಲ್ಲಿ, ತೆಗೆದಿರಿಸತಕ್ಕದ್ದು.