ಸವೆದ ನಾಣ್ಯಗಳ ಲೆಕ್ಕ

ಪುಣೆಯಿಂದ ಡೆಕ್ಕನ್ ಕ್ವೀನ್ ಹತ್ತಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬರುತ್ತಿದ್ದ ಡಿ. ಡಿ. ಕೊಸಾಂಬಿ ಈಗ ಇತಿಹಾಸದ ಓದುಗರಿಗೇ ಹೆಚ್ಚು ಪರಿಚಿತರು. 1945ರಲ್ಲಿ ಹೋಮಿ ಭಾಭಾ ಕೊಸಾಂಬಿಯವರನ್ನು ಅಲ್ಲಿಗೆ ಕರೆದದ್ದು ಗಣಿತಕ್ಕೆ. ಇತಿಹಾಸದತ್ತ ಅವರನ್ನು ಎಳೆದದ್ದು ಅದಕ್ಕೂ ಮುಂಚೆ, ಪುಣೆಯಲ್ಲಿ ಹಿಡಿದ ತಕ್ಕಡಿ.

ತಕ್ಷಶಿಲೆಯಲ್ಲಿ 1924ರಲ್ಲಿ ಬೆಳ್ಳಿಯ ಮುದ್ರಾಂಕಿತ ನಾಣ್ಯಗಳ ದೊಡ್ಡ ನಿಧಿ ಸಿಕ್ಕಿತ್ತು. ಅವುಗಳ ಮೇಲೆ ರಾಜನ ಹೆಸರಿಲ್ಲ, ಇಸವಿಯಿಲ್ಲ. ತೂಕವೂ ಒಂದೊಂದರದು ಒಂದೊಂದು. ಟಂಕಸಾಲೆಯವರು ಅಷ್ಟು ಅಡ್ಡಾದಿಡ್ಡಿ ಕೆಲಸ ಮಾಡುತ್ತಿದ್ದರೇ?

ಕೊಸಾಂಬಿ ನಾಣ್ಯದ ಬೆನ್ನು ನೋಡಿದರು. ಅಲ್ಲಿ ಸಣ್ಣ ಸಣ್ಣ ಗುರುತುಗಳಿದ್ದವು. ಅವು ಚಲಾವಣೆಯಲ್ಲಿದ್ದಾಗ ಪರೀಕ್ಷೆ ಮಾಡಿದವರು ಒತ್ತಿದವು ಎಂಬುದು ಅವರ ತರ್ಕ. ಹಾಗಾದರೆ ಗುರುತು ಹೆಚ್ಚಿದಷ್ಟೂ ನಾಣ್ಯ ಹೆಚ್ಚು ಕೈ ದಾಟಿರಬೇಕು. ಗುರುತಿನ ಸಂಖ್ಯೆಯಂತೆ ಗುಂಪು ಮಾಡಿದರೆ, ಗುರುತು ಏರಿದಂತೆ ಸರಾಸರಿ ತೂಕ ಇಳಿಯುತ್ತಿತ್ತು.

ತೂಕದ ಹರವಿಗೆ ಸಂಖ್ಯಾಶಾಸ್ತ್ರದ ಅಳತೆ ವೇರಿಯನ್ಸ್: ಸರಾಸರಿಯಿಂದ ಒಂದೊಂದೂ ಇರುವ ದೂರದ ವರ್ಗಗಳ ಸರಾಸರಿ. 1918ರಲ್ಲಿ ಈ ಹೆಸರಿಟ್ಟವರು ಆರ್. ಎ. ಫಿಶರ್. ಲೆಕ್ಕಕ್ಕೆಂದು ನಾನೇ ಕಟ್ಟಿದ ಆರು ನಾಣ್ಯ ನೋಡಿ: ಹೊಸವು 53, 54, 55 ಗ್ರೇನ್, ಸವೆದವು 50, 52, 54. ಮೊದಲ ಗುಂಪಿನ ವೇರಿಯನ್ಸ್ 0.67, ಎರಡನೆಯದು 2.67, ಸರಾಸರಿ 1.67. ಇಷ್ಟಕ್ಕೇ ಬಿಟ್ಟರೆ ಲೆಕ್ಕ ಅರ್ಧ. ಗುಂಪುಗಳ ಸರಾಸರಿಗಳೇ 54 ಮತ್ತು 52. ಒಟ್ಟು ಸರಾಸರಿ 53ರಿಂದ ಎರಡೂ ಒಂದೊಂದು ದೂರ. ಆ ದೂರದ ವರ್ಗ 1 ಸೇರಿಸಿದರೆ 2.67. ಆರನ್ನೂ ಒಟ್ಟಿಗೆ ಹಾಕಿ ಮಾಡಿದರೂ ಅಷ್ಟೇ. (ಗುಂಪುಗಳು ಸಮನಿಲ್ಲದಿದ್ದರೆ ನಾಣ್ಯಗಳ ಸಂಖ್ಯೆಯಂತೆ ತೂಗಬೇಕು.) ನಿಧಿಯ ಒಟ್ಟು ಹರವಿನಲ್ಲಿ ಟಂಕಸಾಲೆಯ ಪಾಲೆಷ್ಟು, ಸವೆತದ ಪಾಲೆಷ್ಟು ಎಂದು ಬಿಡಿಸಲು ದಾರಿ ಇದೇ.

ಆದರೆ ಸವೆತ ನಿಜಕ್ಕೂ ಹೀಗೇ ನಡೆಯುತ್ತದೆಯೇ? ಕೊಸಾಂಬಿ ತಮ್ಮ ಕಾಲದ, ಇಸವಿಯಿದ್ದ ನಾಣ್ಯಗಳನ್ನೇ ಸಾವಿರಾರು ತೂಗಿದರು. ಒಂದೊಂದನ್ನೂ ಬಿಡಿಯಾಗಿ ತೂಗುವ ಆ ಬೇಸರದ ದುಡಿಮೆಯೇ ಈ ಕತೆಯಲ್ಲಿ ನನಗೆ ದೊಡ್ಡದು. ಹಳೆಯದಾದಂತೆ ಸರಾಸರಿ ಇಳಿದಿತ್ತು, ವೇರಿಯನ್ಸ್ ಏರಿತ್ತು. ಈ ತೂಕಗಳ ಬಗ್ಗೆ ಅವರ ಬರಹ 1942ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ನಲ್ಲಿ ಬಂತು.

ಹಳೆಯ ನಿಧಿಗೆ ಈ ಲೆಕ್ಕ ಹಾಕಬೇಕಾದರೆ ಅದು ಇಡಿಯಾಗಿ ಸಿಗಬೇಕು. ಚೆಂದದ ನಾಣ್ಯಗಳನ್ನು ಸಂಗ್ರಾಹಕರು ಆರಿಸಿಕೊಂಡು ಹೋದ ಮೇಲೆ ಉಳಿದದ್ದನ್ನು ಎಷ್ಟು ತೂಗಿದರೂ ಲೆಕ್ಕ ಕೂಡಿಬರುವುದಿಲ್ಲ.